ಮಳೆ ಹಿಡಿಯುವ ಮೊದಲು ಮಾತ್ರೆ ಲೆಕ್ಕ

ಮೇ ತಿಂಗಳು ಮುಗಿಯುವುದರೊಳಗೆ ಶಿರಸಿ, ಯಲ್ಲಾಪುರ ಕಡೆ ಒಣ ಸೌದೆ, ಹಪ್ಪಳ, ಉಪ್ಪಿನಕಾಯಿ ಎಲ್ಲ ಒಳಗೆ ಸೇರಿರುತ್ತದೆ. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರಿದ್ದರೆ ಒಂದು ತಿಂಗಳ ಮಾತ್ರೆಯೂ ಜೊತೆಗೆ ಸೇರಲಿ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದಾಗಿತ್ತು. ಘಟ್ಟದ ರಸ್ತೆ ನಂಬಿ ಕೂರುವಂತಿಲ್ಲ.

ಸ್ಟೆಂಟ್ ಎಂದರೆ ಕಟ್ಟಿದ ರಕ್ತನಾಳವನ್ನು ತೆರೆದಿಡುವ ಲೋಹದ ಜಾಲರಿ. ರಕ್ತನಾಳದ ಒಳಪದರ ಬೆಳೆದು ಅದನ್ನು ಮುಚ್ಚುವವರೆಗೆ ಅಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಅದಕ್ಕೇ ಆಸ್ಪಿರಿನ್ 75 ಮಿ.ಗ್ರಾಂ ಜೊತೆ ಕ್ಲೋಪಿಡೋಗ್ರೆಲ್ 75, ಇಲ್ಲವೇ ದಿನಕ್ಕೆರಡು ಸಲ ಟಿಕಾಗ್ರೆಲಾರ್ 90, ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಎದೆನೋವಿಲ್ಲ, ಗುಡ್ಡ ಹತ್ತಲು ಆಗುತ್ತದೆ ಎಂದು ಮೂರನೇ ತಿಂಗಳಿಗೇ ಬಿಟ್ಟರೆ ಸ್ಟೆಂಟೇ ಕಟ್ಟಿಕೊಳ್ಳಬಹುದು. ಹಲ್ಲು ಕೀಳಿಸುವುದಿದ್ದರೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಎದೆಬಡಿತ ನಿಧಾನಿಸುವ ಮೆಟೊಪ್ರೊಲಾಲ್ ಕೂಡ ಥಟ್ಟನೆ ಬಿಡುವ ಮಾತ್ರೆಯಲ್ಲ. ಎದೆಬಡಿತ ಒಮ್ಮೆಲೇ ಏರುತ್ತದೆ.

ನಮ್ಮ ಕಡೆಯ ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ, ತೇವ. ಆಸ್ಪಿರಿನ್ ತೇವಕ್ಕೆ ಒಡೆದು ಅಸಿಟಿಕ್ ಆಮ್ಲವಾಗುತ್ತದೆ, ವಿನೆಗರ್ ವಾಸನೆ ಬಂತೆಂದರೆ ಆ ಮಾತ್ರೆ ಎಸೆಯಿರಿ. ವಾರದ ಡಬ್ಬಿಗೆ ಬಿಡಿಸಿ ತುಂಬುವುದಕ್ಕಿಂತ ಸ್ಟ್ರಿಪ್ ಕತ್ತರಿಸಿ, ಕವಚ ಸಮೇತ ಇಡಿ. ಒಲೆಯ ಮೇಲಿನ ಗೂಡು, ಬಚ್ಚಲು ಎರಡೂ ಬೇಡ.

ಅಂಗಡಿಯವರು ಬೇರೆ ಹೆಸರಿನದು ಕೊಟ್ಟರೆ ಒಳಗಿನ ಔಷಧದ ಹೆಸರು ಓದಿ. ಆಸ್ಪಿರಿನ್, ಕೊಲೆಸ್ಟರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಎರಡೂ ಒಂದೇ ಗುಳಿಗೆಯಲ್ಲಿ ಬರುವುದೂ ಉಂಟು. ಅದರ ಜೊತೆ ಹಳೆಯವನ್ನೂ ನುಂಗಿದರೆ ಎರಡು ಪಟ್ಟು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಿ ಸರಿದೂಗಿಸಲು ಹೋಗಬೇಡಿ.

ಅಡಿಕೆ ಕೊಯ್ಲಿನ ಸೊಂಟನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಳ್ಳಬೇಡಿ. ರಕ್ತಸ್ರಾವ, ಹೃದಯ ಎರಡಕ್ಕೂ ಕೆಟ್ಟದ್ದು, ಪ್ಯಾರಸಿಟಮಾಲ್ ವಾಸಿ. ಚಕ್ಕೋತ ತಿನ್ನುವವರು ಅಟೊರ್ವಾಸ್ಟಾಟಿನ್ ಇದೆಯೆಂದು ಡಾಕ್ಟರಿಗೆ ಹೇಳಿರಿ, ಆ ಹಣ್ಣು ಔಷಧದ ಪ್ರಮಾಣ ರಕ್ತದಲ್ಲಿ ಏರಿಸಬಲ್ಲದು.

ಲಕ್ವ ಹೊಡೆದವರಿಗೆ ಹೃದ್ರೋಗಿಯ ಮಾತ್ರೆ ಹಂಚಲೇಬಾರದು. ಹೆಪ್ಪುಗಟ್ಟಿ ಆದ ಲಕ್ವಕ್ಕೆ ಆಸ್ಪಿರಿನ್ ಬೇಕು, ಮಿದುಳಿನಲ್ಲಿ ರಕ್ತ ಸುರಿದು ಆದದ್ದಕ್ಕೆ ಅದೇ ಅಪಾಯ. ಸ್ಕ್ಯಾನ್ ಮಾಡದೆ ಯಾವುದೆಂದು ಹೇಳಲಾಗದು. ರಕ್ತದೊತ್ತಡ ಇಳಿಸುವ ರಾಮಿಪ್ರಿಲ್‌ನಿಂದ ಒಣಕೆಮ್ಮು ಬಂದರೆ ಕಷಾಯ ಕುಡಿಯುತ್ತ ಕೂರದೆ, ಮಾತ್ರೆಯನ್ನೂ ಬಿಡದೆ, ಬದಲಿ ಕೇಳಿ. ಟೆಲ್ಮಿಸಾರ್ಟಾನ್ ಇದೆ.