ಮೂವತ್ತು ಮೀಟರಿನ ಗುಡ್ಡಗಳು ಮತ್ತು ಲೇಸರ್ ಅಳತೆ

ಬ್ರಿಟನ್ನಿನಲ್ಲಿ ಗುಡ್ಡಗಳ ಪಟ್ಟಿ ಮಾಡುವವರಲ್ಲಿ ಎರಡು ಪಂಥಗಳಿವೆ. ಒಂದು, 1891ರಲ್ಲಿ ಸರ್ ಹ್ಯೂ ಮನ್ರೋ ಸ್ಕಾಟ್ಲೆಂಡಿನ 3,000 ಅಡಿ ಮೀರಿದ ಶಿಖರಗಳ ಪಟ್ಟಿಯನ್ನು ಪ್ರಕಟಿಸಿದಾಗಿನಿಂದ ನಡೆದುಬಂದಿರುವ, ಸಮುದ್ರ ಮಟ್ಟದಿಂದ ಎತ್ತರ ಎಣಿಸುವ ಪಂಥ. ಇನ್ನೊಂದು, 1992ರಲ್ಲಿ ಅಲನ್ ಡಾಸನ್ ‘ಮ್ಯಾರಿಲಿನ್’ ಎಂಬ ವರ್ಗವನ್ನು ರೂಪಿಸಿದ ಮೇಲೆ ಬಲಗೊಂಡ, ಗುಡ್ಡವು ಸುತ್ತಲಿನ ನೆಲದಿಂದ ಎಷ್ಟು ಎದ್ದು ನಿಂತಿದೆ ಎಂದು ಕೇಳುವ ಪಂಥ. ಈ ಎರಡನೆಯ ಅಳತೆಗೆ ಪ್ರಾಮಿನೆನ್ಸ್ ಎನ್ನುತ್ತಾರೆ. ಅದು ಕನಿಷ್ಠ 150 ಮೀಟರ್ ಇದ್ದರೆ ಮ್ಯಾರಿಲಿನ್, 100 ಇದ್ದರೆ ಹಂಪ್, 30 ಇದ್ದರೆ ಟಂಪ್. ನನಗೆ ಆಸಕ್ತಿಯಿರುವುದು ಕೊನೆಯದರಲ್ಲಿ. ಹೊಲಗಳ ನಡುವಿನ ದಿಬ್ಬಗಳೂ ತೋಪಿನೊಳಗೆ ಅಡಗಿದ ದಿಣ್ಣೆಗಳೂ ಸೇರಿ ಸುಮಾರು 17,000 ಗುಡ್ಡಗಳಿರುವ ಈ ವರ್ಗದಲ್ಲಿ, ಅರ್ಧ ಮೀಟರಿನ ವ್ಯತ್ಯಾಸವೂ ಒಂದು ಗುಡ್ಡವನ್ನು ಪಟ್ಟಿಗೆ ಸೇರಿಸಬಲ್ಲದು ಅಥವಾ ಹೊರಗೆ ಹಾಕಬಲ್ಲದು.

ಬಹುಕಾಲ ಈ ತೀರ್ಮಾನಗಳೆಲ್ಲ ನಕ್ಷೆಯ ಸಮೋನ್ನತ ರೇಖೆಗಳನ್ನೇ ನಂಬಿದ್ದವು. ಐದು ಅಥವಾ ಹತ್ತು ಮೀಟರಿಗೊಂದರಂತೆ ಎಳೆದ ರೇಖೆಗಳ ನಡುವೆ ಏನಿದೆ ಎಂಬುದನ್ನು ಊಹಿಸಲೇಬೇಕಾಗಿತ್ತು. ವಿಮಾನದಿಂದ ನಡೆಸುವ ಲೇಸರ್ ಸಮೀಕ್ಷೆ, ಅಂದರೆ ಲಿಡಾರ್, ಈ ಊಹೆಯನ್ನು ಬಹುಪಾಲು ತೊಡೆದುಹಾಕಿತು. ನೆಲಕ್ಕೆ ಬಡಿದು ಮರಳುವ ಬೆಳಕಿನ ಮಿಡಿತಕ್ಕೆ ಹಿಡಿದ ಸಮಯದಿಂದ ದೂರವನ್ನೂ, ಆ ಕ್ಷಣದಲ್ಲಿ ವಿಮಾನವಿದ್ದ ಸ್ಥಾನದಿಂದ ನೆಲದ ಎತ್ತರವನ್ನೂ ಲೆಕ್ಕ ಹಾಕಲಾಗುತ್ತದೆ. ಇಂಗ್ಲೆಂಡಿನ ಎನ್ವಿರಾನ್‌ಮೆಂಟ್ ಏಜೆನ್ಸಿಯು ತನ್ನ ಲಿಡಾರ್ ದತ್ತಾಂಶವನ್ನು 2015ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಆಮೇಲೆ ಇಡೀ ಇಂಗ್ಲೆಂಡನ್ನು ಒಂದು ಮೀಟರ್ ಚೌಕಗಳಲ್ಲಿ ಅಳೆಯುವ ಕಾರ್ಯಕ್ರಮವನ್ನೂ ಕೈಗೊಂಡಿತು. ಪ್ರವಾಹದ ಅಪಾಯವನ್ನು ಅಂದಾಜಿಸುವುದು ಆ ಸಮೀಕ್ಷೆಗಳ ಒಂದು ಮುಖ್ಯ ಉದ್ದೇಶ. ವಿಚಿತ್ರವೆಂದರೆ, ಪ್ರಾಮಿನೆನ್ಸನ್ನು ಅರ್ಥಮಾಡಿಕೊಳ್ಳುವ ಸುಲಭ ದಾರಿಯೂ ಪ್ರವಾಹವೇ. ನೀರು ಏರುತ್ತಾ ಹೋಗಿ ಗುಡ್ಡವೊಂದು ತನಗಿಂತ ಎತ್ತರದ ನೆಲದಿಂದ ಬೇರ್ಪಟ್ಟು ದ್ವೀಪವಾಗುವ ಆ ಗಳಿಗೆಯಲ್ಲಿ, ನೀರಿನ ಮೇಲೆ ಉಳಿದ ಎತ್ತರವೇ ಅದರ ಪ್ರಾಮಿನೆನ್ಸ್. ಗಣಕದ ಪ್ರೋಗ್ರಾಮುಗಳು ಇದೇ ಕೆಲಸವನ್ನು ತಿರುವುಮುರುವಾಗಿ, ನೀರನ್ನು ಮೇಲಿನಿಂದ ಇಳಿಸುತ್ತಾ ದ್ವೀಪಗಳು ಎಲ್ಲಿ ಕೂಡಿಕೊಳ್ಳುತ್ತವೆ ಎಂದು ಗುರುತಿಸುತ್ತಾ ಮಾಡಬಲ್ಲವು.

ಎಲ್ಲರ ಗಮನವೂ ಶಿಖರದ ಮೇಲಿರುತ್ತದೆ. ಆದರೆ ಸಣ್ಣ ಗುಡ್ಡದ ಹಣೆಬರಹ ನಿರ್ಧಾರವಾಗುವುದು ಶಿಖರದಲ್ಲಲ್ಲ, ಸ್ಯಾಡಲ್‌ನಲ್ಲಿ, ಅಂದರೆ ಅದನ್ನು ಎತ್ತರದ ನೆರೆಗುಡ್ಡಕ್ಕೆ ಸೇರಿಸುವ ಏಣಿನ ಅತಿ ತಗ್ಗಿನ ಜಾಗದಲ್ಲಿ. ಶಿಖರವು ಸಾಮಾನ್ಯವಾಗಿ ತೆರೆದ ಜಾಗವಾಗಿರುತ್ತದೆ. ಸ್ಯಾಡಲ್ ಮಾತ್ರ ಮನುಷ್ಯರು ದಾಟಲು ಆರಿಸಿಕೊಂಡ ಜಾಗ. ರಸ್ತೆ, ರೈಲುಹಳಿ, ಬೇಲಿ, ಮನೆಗಳೆಲ್ಲ ಅಲ್ಲಿಗೇ ಬಂದು ಸೇರಿರುತ್ತವೆ. ತಗ್ಗಿಗೆ ಅಡ್ಡಲಾಗಿ ಹಾಕಿದ ಮಣ್ಣಿನ ಏರಿಯನ್ನು ದತ್ತಾಂಶವು ನೆಲವೆಂದೇ ತಿಳಿಯುವುದರಿಂದ ಸ್ಯಾಡಲ್ ಎತ್ತರಗೊಂಡು ಗುಡ್ಡ ಕುಗ್ಗುತ್ತದೆ. ರೈಲಿಗಾಗಿ ಏಣನ್ನು ಕಡಿದಿದ್ದರೆ ಇದಕ್ಕೆ ವಿರುದ್ಧವಾಗಿ ಗುಡ್ಡ ಬೆಳೆಯುತ್ತದೆ. ಅಕ್ಕಪಕ್ಕದ ಇಳಿಜಾರುಗಳಿಂದ ಹಿಂದಿನ ನೆಲವನ್ನು ಊಹಿಸಲು ಸಾಧ್ಯವಿರುವ ಕಡೆ ಆ ಸಹಜ ನೆಲವನ್ನೇ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ಮಾಡಿದಾಗ ಅಳತೆ ಮುಗಿದು ವ್ಯಾಖ್ಯಾನ ಶುರುವಾಗುತ್ತದೆ ಎಂಬುದನ್ನು ಬಲ್ಲೆ. ಆದರೂ ಕಂತ್ರಾಟುದಾರನ ಗುದ್ದಲಿಗಿಂತ ಅದು ಮೇಲು.

ಮರಗಳದು ಬೇರೆಯ ತೊಂದರೆ. ಸಮೀಕ್ಷೆ ಎರಡು ಮಾದರಿಗಳನ್ನು ಕೊಡುತ್ತದೆ: ಕಟ್ಟಡ, ಗಿಡಮರಗಳನ್ನು ಉಳಿಸಿಕೊಂಡ ಮೇಲ್ಮೈ ಮಾದರಿ ಮತ್ತು ಅವನ್ನು ಸೋಸಿ ತೆಗೆದ ನೆಲದ ಮಾದರಿ. ದಟ್ಟವಾದ ಸೂಚಿಪರ್ಣಿ ನೆಡುತೋಪಿನಲ್ಲಿ ನೆಲ ಮುಟ್ಟುವ ಮಿಡಿತಗಳು ಕಡಿಮೆ; ಉಳಿದ ಜಾಗವನ್ನು ಅಕ್ಕಪಕ್ಕದ ಬಿಂದುಗಳಿಂದ ತುಂಬಿರುತ್ತಾರೆ. ಸೋಸುವ ಪ್ರೋಗ್ರಾಮು ಕೆಲವೊಮ್ಮೆ ಪೊದೆಯನ್ನು ನೆಲವೆಂದು ಉಳಿಸಿಕೊಳ್ಳುತ್ತದೆ, ಕೆಲವೊಮ್ಮೆ ಶಿಖರದ ನಿಜವಾದ ಬಂಡೆಯನ್ನೇ ಕಟ್ಟಡವೆಂದು ಕೆತ್ತಿಹಾಕುತ್ತದೆ. ಹಾಗಾಗಿ ಎರಡೂ ಮಾದರಿಗಳ ವ್ಯತ್ಯಾಸವನ್ನು ಕ್ಯುಜಿಐಎಸ್‌ನಂತಹ ನಕ್ಷೆ ತಂತ್ರಾಂಶದಲ್ಲಿ ತೆರೆದು, ವೈಮಾನಿಕ ಚಿತ್ರದ ಪಕ್ಕದಲ್ಲಿಟ್ಟು ನೋಡದೆ ಯಾವ ಅಂಕಿಯನ್ನೂ ಬರೆದುಕೊಳ್ಳಬಾರದು.

ಇನ್ನು ನಿಖರತೆಯ ಮಾತು. ಇಂಗ್ಲೆಂಡಿನ ಈ ದತ್ತಾಂಶದ ಲಂಬ ದೋಷ ಸುಮಾರು 15 ಸೆಂಟಿಮೀಟರ್. ಪ್ರಾಮಿನೆನ್ಸ್ ಎಂದರೆ ಶಿಖರ, ಸ್ಯಾಡಲ್ ಎರಡರ ಎತ್ತರಗಳ ವ್ಯತ್ಯಾಸ; ಆ ಎರಡರ ದೋಷಗಳು ಪರಸ್ಪರ ಸಂಬಂಧವಿಲ್ಲದವು ಎಂದುಕೊಂಡರೆ ವ್ಯತ್ಯಾಸದ ದೋಷ ಸುಮಾರು 21 ಸೆಂಟಿಮೀಟರ್ ಆಗುತ್ತದೆ. 34 ಮೀಟರಿನ ಗುಡ್ಡಕ್ಕೆ ಇದರಿಂದ ಬಾಧೆಯಿಲ್ಲ. 30.1 ಎಂದು ತೋರಿಸುವ ಗುಡ್ಡವನ್ನು ಮಾತ್ರ ಟಂಪ್ ಎಂದು ಘೋಷಿಸುವುದು ಅವಸರವಾದೀತು.

ಇಂಗ್ಲೆಂಡಿನ ಕಂಬ್ರಿಯಾದ ಕಾಫ್ ಟಾಪ್ ಎಂಬ ಬೆಟ್ಟವನ್ನೇ ನೋಡಿ. ಪರ್ವತವೆನಿಸಿಕೊಳ್ಳಲು ಅಲ್ಲಿ ಹಲವರು ಹಿಡಿಯುವ ಗಡಿ 2,000 ಅಡಿ, ಎಂದರೆ 609.6 ಮೀಟರ್. 2016ರಲ್ಲಿ ಈ ಬೆಟ್ಟದ ಎತ್ತರ 609.606 ಮೀಟರ್ ಎಂದು ನಿಶ್ಚಯವಾಗಿ, ಆರು ಮಿಲಿಮೀಟರುಗಳ ಅಂತರದಲ್ಲಿ ಅದು ಗಡಿ ದಾಟಿತು. ಬೆಟ್ಟ ಬೆಳೆದಿರಲಿಲ್ಲ, ಉಪಗ್ರಹ ಅಳತೆಯನ್ನು ಸಮುದ್ರ ಮಟ್ಟಕ್ಕೆ ಹೊಂದಿಸುವ ಮಾದರಿ ಪರಿಷ್ಕೃತವಾಗಿತ್ತು. ಪ್ರಾಮಿನೆನ್ಸಿಗೆ ಈ ಕಾಟ ಬಹುತೇಕ ಇಲ್ಲ, ಏಕೆಂದರೆ ಹತ್ತಿರದ ಎರಡು ಬಿಂದುಗಳಿಗೂ ತಿದ್ದುಪಡಿ ಹೆಚ್ಚುಕಡಿಮೆ ಒಂದೇ ಇರುವುದರಿಂದ ಕಳೆಯುವಾಗ ಅದು ಹೊರಟುಹೋಗುತ್ತದೆ. ಪ್ರಾಮಿನೆನ್ಸ್ ಪಂಥದ ಕಡೆಗೆ ನಾನು ವಾಲಲು ಇದೂ ಒಂದು ಕಾರಣ.

30 ಮೀಟರಿನ ಗಡಿಯ ಎರಡೂ ಬದಿಯ ಅರ್ಧ ಮೀಟರಿನೊಳಗೆ ಬೀಳುವ ಗುಡ್ಡಗಳನ್ನು ನಾನು ಪ್ರತ್ಯೇಕ ಅಂಕಣದಲ್ಲಿ, ಅಳತೆಯ ಜೊತೆಗೆ ದೋಷದ ವ್ಯಾಪ್ತಿಯನ್ನೂ ಸೇರಿಸಿ ಬರೆದಿಡುತ್ತೇನೆ. ಅವುಗಳ ವರ್ಗವನ್ನು ಶಿಖರ, ಸ್ಯಾಡಲ್ ಎರಡರಲ್ಲೂ ನಿಂತು ಲೆವೆಲ್ ಯಂತ್ರದಿಂದಲೋ ಉಪಗ್ರಹ ಗ್ರಾಹಕದಿಂದಲೋ ಅಳೆದವರು ತೀರ್ಮಾನಿಸಲಿ.