ಎಐ ಕೊಟ್ಟ ಹದೀಸನ್ನು ಅಸೈನ್‌ಮೆಂಟಿನಲ್ಲಿ ಬರೆಯಬಹುದೇ?

ಇಸ್ಲಾಮಿಕ್ ಅಧ್ಯಯನ ವಿಭಾಗದ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹದೀಸ್ ಎಂದರೆ ಪ್ರವಾದಿಯವರ ನುಡಿ, ನಡೆಯ ವರದಿ. ಹುಡುಕಲು ಎಐ ಬಳಸಿ, ಆಧಾರವಾಗಿ ಬೇಡ. ಅಡಿಟಿಪ್ಪಣಿಯಲ್ಲಿ ಬರಬೇಕಾದ್ದು ನೀವೇ ತೆರೆದು ನೋಡಿದ ಪುಟ.

ಚಾಟ್‌ಬಾಟ್‌ಗೆ ಸನದ್ (ಹದೀಸನ್ನು ತಲುಪಿಸಿದವರ ಸರಪಳಿ) ಪರೀಕ್ಷಿಸುವ ಅಭ್ಯಾಸವಿಲ್ಲ. ಹೆಚ್ಚು ಜನ ಬರೆದದ್ದು ಅದರ ಬಾಯಲ್ಲಿ ಸಲೀಸಾಗಿ ಬರುತ್ತದೆ. ‘ಚೀನಾಕ್ಕೆ ಹೋಗಿಯಾದರೂ ವಿದ್ಯೆ ಪಡೆಯಿರಿ’ ಎಂಬ ಮಾತನ್ನೇ ನೋಡಿ. ಹಳೆಯ ಕಾಲದ ವಿದ್ವಾಂಸ ಇಬ್ನುಲ್ ಜೌಝಿ ಇದನ್ನು ಕಲ್ಪಿತ ಹದೀಸ್‌ಗಳ ಸಾಲಿಗೆ ಸೇರಿಸಿದ್ದಾರೆ. ‘ವಿದ್ಯಾರ್ಜನೆ ಪ್ರತಿ ಮುಸ್ಲಿಮನಿಗೂ ಕಡ್ಡಾಯ’ ಎಂಬುದು ಮಾತ್ರ ಇಬ್ನು ಮಾಜಾ ಎಂಬ ಹದೀಸ್ ಸಂಗ್ರಹದಲ್ಲಿದೆ, ಸಂಖ್ಯೆ 224. ಕೆಲವು ವರದಿಗಳಲ್ಲಿ ಇವೆರಡೂ ಒಂದೇ ಉಸಿರಿನಲ್ಲಿ ಬರುವುದರಿಂದ, ಆ 224 ಚೀನಾದ ಮಾತಿಗೆ ಅಂಟಿಕೊಳ್ಳಲು ಹೆಚ್ಚು ಹೊತ್ತು ಬೇಡ.

ಹಾಗೆಂದು ಸಂಖ್ಯೆ ತಾಳೆಯಾಗದಿದ್ದರೆ ಎಲ್ಲಾ ಸುಳ್ಳೆಂದೂ ಅಲ್ಲ. ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹಕ್ಕೆ ಸಂಪಾದಕ ಫುಆದ್ ಅಬ್ದುಲ್ ಬಾಖೀ ಕೊಟ್ಟ ಎಣಿಕೆ 3033ಕ್ಕೆ ಮುಗಿಯುತ್ತದೆ. ಪ್ರತಿ ಸನದ್‌ಗೂ ಬೇರೆ ಸಂಖ್ಯೆ ಕೊಟ್ಟ ಮುದ್ರಣಗಳಲ್ಲಿ ಅದು 7000 ದಾಟುತ್ತದೆ. ಆದ್ದರಿಂದ ಎಐಯಿಂದ ಸಂಖ್ಯೆಗಿಂತ ಕಿತಾಬ್ (ಗ್ರಂಥದ ಭಾಗ), ಬಾಬ್ (ಅಧ್ಯಾಯ)ಗಳ ಹೆಸರು ಮತ್ತು ಅರಬಿ ಮತ್ನ್ (ಹದೀಸಿನ ಮೂಲ ಪಾಠ) ಕೇಳಿ. ಮತ್ನ್‌ನಿಂದ ಅಪರೂಪದ ಮೂರು ನಾಲ್ಕು ಪದ ಆರಿಸಿ, ಸ್ವರಚಿಹ್ನೆ ತೆಗೆದು, ಮಕ್ತಬಾ ಶಾಮಿಲಾದಂಥ ಡಿಜಿಟಲ್ ಗ್ರಂಥಾಲಯದಲ್ಲಿ ಹುಡುಕಿ. ಚಿಹ್ನೆ ಉಳಿದರೆ ಅಥವಾ ಹಮ್ಝಾ ಎಂಬ ಅರಬಿ ಅಕ್ಷರ ಬೇರೆ ರೂಪದಲ್ಲಿದ್ದರೆ, ಇರುವ ಹದೀಸೂ ಸಿಗದೆ ಹೋದೀತು. ಸಿಕ್ಕಿದ್ದನ್ನು ಮುದ್ರಿತ ಪ್ರತಿಯೊಂದಿಗೆ ಹೋಲಿಸಿ ಸಂಪುಟ, ಪುಟ ಬರೆದುಕೊಳ್ಳಿ. ‘ಇದು ಸಹೀಹೋ (ಪ್ರಮಾಣಬದ್ಧವೋ)?’ ಎಂದು ಕೇಳಬೇಡಿ. ಯಾವ ಮುಹದ್ದಿಸ್ (ಹದೀಸ್ ವಿದ್ವಾಂಸ) ಯಾವ ಗ್ರಂಥದಲ್ಲಿ ಏನೆಂದರು ಎಂದು ಕೇಳಿ, ಅದನ್ನೂ ತೆರೆದು ನೋಡಿ.

ಫಿಕ್ಹ್‌ನಲ್ಲಿ (ಧರ್ಮಶಾಸ್ತ್ರದಲ್ಲಿ) ತೊಂದರೆ ಬೇರೆ ಬಗೆಯದು. ಮದುವೆ ನಿಷಿದ್ಧವಾದ ಬಂಧುವಲ್ಲದ ಸ್ತ್ರೀಯನ್ನು ಗಂಡಸು ಮುಟ್ಟಿದರೆ ವುಝೂ (ನಮಾಜಿಗೆ ಮುಂಚಿನ ಅಂಗಶುದ್ಧಿ) ಮುರಿಯುತ್ತದೆ ಎನ್ನುವುದು ಶಾಫಿಈ ಮದ್‌ಹಬ್ (ಧರ್ಮಶಾಸ್ತ್ರದ ಪಂಥ). ಬರೀ ಸ್ಪರ್ಶದಿಂದ ಮುರಿಯುವುದಿಲ್ಲ ಎನ್ನುವುದು ಹನಫಿ. ಮದ್‌ಹಬ್ ಹೇಳದೆ ಕೇಳಿದರೆ ಎರಡನ್ನೂ ಬೆರೆಸಿ, ಯಾರೂ ಹೇಳದ ಮೂರನೆಯ ತೀರ್ಪೊಂದು ಬರಬಹುದು. ಮದ್‌ಹಬ್ ಯಾವುದು, ಯಾವ ಗ್ರಂಥದ ಮಾತು ಬೇಕು ಎಂಬುದು ಪ್ರಶ್ನೆಯಲ್ಲೇ ಇರಲಿ.

ಅಧ್ಯಾಪಕರಿಗೊಂದು ಮಾತು: ಎಐ ಪತ್ತೆಹಚ್ಚುವ ತಂತ್ರಾಂಶ ನೆಚ್ಚಿ ಅಂಕ ಕಡಿಯಬೇಡಿ, ತಾವೇ ಬರೆದವರನ್ನೂ ಅವು ಹಿಡಿಯುತ್ತವೆ. ಬದಲಿಗೆ ಎಐಯ ಒಂದು ಪುಟದ ಉತ್ತರವನ್ನೇ ತರಗತಿಗೆ ಹಂಚಿ, ಪ್ರತಿ ಹದೀಸಿಗೂ ತಖ್ರೀಜ್ (ಮೂಲ ಗ್ರಂಥ ಹುಡುಕಿ ಆಧಾರ ಕೊಡುವುದು) ಮಾಡಿಸಿ. ಸಿಗದ ಹದೀಸಿಗೆ ಎಲ್ಲೆಲ್ಲಿ, ಯಾವ ಪದ ಹಾಕಿ ಹುಡುಕಿದರೆಂದು ಬರೆದವರಿಗೂ ಪೂರ್ತಿ ಅಂಕ ಕೊಡಿ.