ಸೋತ ಮೀನು ಎಲ್ಲಿಗೆ ಹೋಗಬೇಕು? ಮಲಾವಿ ಸಿಕ್ಲಿಡ್‌ಗಳ ಜಗಳವನ್ನು ನಿಭಾಯಿಸುವ ಬಗೆ

ಮಲಾವಿ ಸರೋವರದ ಸಿಕ್ಲಿಡ್‌ಗಳನ್ನು ಸಾಕಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, ಇವುಗಳಲ್ಲಿ ಯಾವ ಮೀನು ಹೆಚ್ಚು ಜಗಳಗಂಟಿ ಎಂದು. ಹಲವು ವರ್ಷಗಳಿಂದ ಈ ಮೀನುಗಳನ್ನು ಸಾಕುತ್ತ ಬಂದಿರುವ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೊಂದು ಪ್ರಶ್ನೆ: ಜಗಳದಲ್ಲಿ ಸೋತ ಮೀನು ಎಲ್ಲಿಗೆ ಹೋಗುತ್ತದೆ? ಟ್ಯಾಂಕ್ ಕೊಳ್ಳುವಾಗ, ಕಲ್ಲು ಜೋಡಿಸುವಾಗ, ಯಾವ ಮೀನು ಎಷ್ಟು ಎಂದು ನಿರ್ಧರಿಸುವಾಗ ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡರೆ ಉಳಿದ ಬಹುಪಾಲು ತೀರ್ಮಾನಗಳಿಗೆ ದಾರಿ ಸಿಗುತ್ತದೆ.

ಪೂರ್ವ ಆಫ್ರಿಕಾದಲ್ಲಿ ಮಲಾವಿ, ಮೊಜಾಂಬಿಕ್ ಮತ್ತು ತಾಂಜಾನಿಯಾ ದೇಶಗಳ ನಡುವೆ ಸುಮಾರು 580 ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಈ ಸರೋವರದ ಬಂಡೆಗಲ್ಲಿನ ದಂಡೆಗಳಲ್ಲಿ ಎಂಬುನಾ ಎಂದು ಕರೆಯುವ ಗುಂಪಿನ ಮೀನುಗಳು ವಾಸಿಸುತ್ತವೆ. ನಮ್ಮ ಅಂಗಡಿಗಳಲ್ಲಿ ಸಿಗುವ ಎಲೆಕ್ಟ್ರಿಕ್ ಯೆಲ್ಲೋ, ರೆಡ್ ಜೀಬ್ರಾ, ಔರೇಟಸ್, ಡೆಮಾಸೋನಿ ಎಲ್ಲವೂ ಈ ಗುಂಪಿನವೇ. ಬಂಡೆಯ ಮೇಲೆ ಬೆಳೆಯುವ ಪಾಚಿ ಮತ್ತು ಅದರೊಳಗಿನ ಸಣ್ಣ ಜೀವಿಗಳು ಈ ಗುಂಪಿನ ಹೆಚ್ಚಿನ ಮೀನುಗಳ ಆಹಾರ. ಬಂಡೆಗಳ ಸಂದಿ ಅವುಗಳ ಆಶ್ರಯ. ಆದ್ದರಿಂದ ಗಂಡು ಮೀನು ಒಂದು ಸಂದಿಯನ್ನು ತನ್ನದೆಂದು ಹಿಡಿದುಕೊಂಡು, ಹತ್ತಿರ ಬಂದ ಇತರ ಗಂಡುಗಳನ್ನು ಅಟ್ಟುವುದು ಅದರ ಬದುಕಿನ ಅವಶ್ಯಕತೆಯೇ ಹೊರತು ದುಷ್ಟತನವಲ್ಲ. ಸರೋವರದಲ್ಲಿ ಅಟ್ಟಿಸಿಕೊಂಡ ಮೀನು ಕೆಲವು ಮೀಟರ್ ದೂರ ಸರಿದರೆ ಜಗಳ ಅಲ್ಲಿಗೆ ಮುಗಿಯುತ್ತದೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ, ಸುಮಾರು 255 ಲೀಟರ್ ನೀರು ಹಿಡಿಯುವ ನಮ್ಮ ಟ್ಯಾಂಕಿನಲ್ಲಿ ಹಾಗೆ ಸರಿಯಲು ಜಾಗವೇ ಇಲ್ಲ. ಗೆದ್ದ ಮೀನಿನ ಕಣ್ಣಿಗೆ ಸೋತ ಮೀನು ಮತ್ತೆ ಮತ್ತೆ ಬೀಳುತ್ತದೆ, ಮತ್ತೆ ಮತ್ತೆ ಏಟು ತಿನ್ನುತ್ತದೆ.

ಹಾಗೆಂದು ಕಾಣುವ ಪ್ರತಿಯೊಂದು ಜಗಳಕ್ಕೂ ಗಾಬರಿಯಾಗಬೇಕಿಲ್ಲ. ಎರಡು ಗಂಡುಗಳು ಪಕ್ಕಪಕ್ಕದಲ್ಲಿ ನಿಂತು, ಈಜುರೆಕ್ಕೆಗಳನ್ನು ಪೂರ್ತಿ ಬಿಚ್ಚಿ, ಮೈ ನಡುಗಿಸುತ್ತ ಒಂದರ ಮುಂದೆ ಇನ್ನೊಂದು ತಮ್ಮ ಗಾತ್ರವನ್ನು ತೋರಿಸಿಕೊಳ್ಳುತ್ತವೆ. ಕೆಲವೊಮ್ಮೆ ಬಾಯಿಗೆ ಬಾಯಿ ಕಚ್ಚಿ ಹಿಂದಕ್ಕೂ ಮುಂದಕ್ಕೂ ತಳ್ಳಾಡುತ್ತವೆ. ಸಮಬಲದವರ ನಡುವಿನ ಇಂಥ ಸೆಣಸಾಟ ನೋಡಲು ಭಯಂಕರವಾಗಿ ಕಂಡರೂ ಹೆಚ್ಚಾಗಿ ಬೇಗನೆ ಇತ್ಯರ್ಥವಾಗುತ್ತದೆ. ನಾನು ಹೆದರುವುದು ಸದ್ದಿಲ್ಲದ ಹಿಂಸೆಗೆ. ಊಟ ಹಾಕಿದಾಗ ಎಲ್ಲ ಮೀನುಗಳೂ ಮೇಲೆ ಬಂದರೂ ಒಂದು ಮಾತ್ರ ಫಿಲ್ಟರಿನ ಪೈಪಿನ ಹಿಂದೆ, ಗಾಜಿನ ಮೂಲೆಯಲ್ಲಿ, ನೀರಿನ ಮೇಲ್ಮಟ್ಟಕ್ಕೆ ಅಂಟಿಕೊಂಡಂತೆ ನಿಂತಿರುತ್ತದೆ. ಅದರ ರೆಕ್ಕೆಗಳು ಮೈಗೆ ಒತ್ತಿಕೊಂಡಿರುತ್ತವೆ, ಬಾಲದ ಅಂಚು ಸೀಳಿರುತ್ತದೆ, ಪಕ್ಕೆಯಲ್ಲಿ ಒಂದೆರಡು ಹುರುಪೆಗಳು ಉದುರಿ ಬಿಳಿಯ ಕಲೆ ಕಾಣುತ್ತದೆ, ಬಣ್ಣ ಮಂಕಾಗಿರುತ್ತದೆ. ಇಂಥ ಮೀನನ್ನು ಅಂದೇ ತೆಗೆಯಬೇಕು. ನಾಳೆ ನೋಡೋಣ ಎಂದರೆ ಬೆಳಿಗ್ಗೆ ಅದು ಸತ್ತಿರಬಹುದು. ದಿನಕ್ಕೊಮ್ಮೆ ಊಟದ ಹೊತ್ತಿನಲ್ಲಿ ತಲೆ ಎಣಿಸುವ ಅಭ್ಯಾಸ ಎಂಬುನಾ ಸಾಕುವವರಿಗೆ ಇರಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಟ್ಯಾಂಕಿನ ಎತ್ತರ ಈ ವಿಷಯದಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ, ಉದ್ದ ಮತ್ತು ಅಗಲ ಬರುತ್ತವೆ. ಕಲ್ಲುಗಳನ್ನು ಜೋಡಿಸುವಾಗ ಅಂದಕ್ಕಿಂತ ದೃಷ್ಟಿಯನ್ನು ತಡೆಯುವುದು ಮುಖ್ಯ. ಈ ತುದಿಯಲ್ಲಿ ನಿಂತ ಗಂಡಿಗೆ ಆ ತುದಿಯ ಮೀನು ಕಾಣಬಾರದು. ಎರಡು ಬಾಯಿಯಿರುವ ಸಂದಿಗಳೇ ಹೆಚ್ಚಿರಬೇಕು, ಏಕೆಂದರೆ ಒಂದೇ ಬಾಯಿಯ ಗೂಡಿಗೆ ನುಗ್ಗಿದ ಮೀನು ಅಲ್ಲೇ ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಹೇರಳವಾಗಿರುವ ಗ್ರಾನೈಟ್ ಚೂರುಗಳು ಇದಕ್ಕೆ ಚೆನ್ನಾಗಿ ಒದಗುತ್ತವೆ, ಆದರೆ ಅವುಗಳ ಚೂಪಾದ ಅಂಚುಗಳನ್ನು ತಟ್ಟಿ ಮೊಂಡು ಮಾಡಿಕೊಳ್ಳಬೇಕು. ಈ ಮೀನುಗಳು ಮರಳನ್ನು ಬಾಯಿಂದ ತುಂಬಿ ತುಂಬಿ ಬೇರೆಡೆಗೆ ಎತ್ತಿಹಾಕುವುದರಿಂದ, ಮೊದಲು ಕಲ್ಲುಗಳನ್ನು ತಳದ ಮೇಲೆಯೇ ಭದ್ರವಾಗಿ ಕೂರಿಸಿ ಆಮೇಲೆ ಸುತ್ತ ಮರಳು ಹಾಕುವುದು ಕ್ಷೇಮ. ಮರಳಿನ ಮೇಲೆ ಕೂರಿಸಿದ ಕಲ್ಲು ಒಂದಲ್ಲ ಒಂದು ದಿನ ಕುಸಿಯುತ್ತದೆ.

ಇನ್ನು ಮೀನುಗಳ ಸಂಖ್ಯೆ. ಇತರ ಅಕ್ವೇರಿಯಂ ಮೀನುಗಳಿಗೆ ಹೇಳುವ ಬುದ್ಧಿಮಾತು ಇಲ್ಲಿ ತಿರುವುಮುರುವಾಗುತ್ತದೆ. ಐದಾರು ಎಂಬುನಾಗಳನ್ನು ಬಿಟ್ಟರೆ ಬಲಿಷ್ಠ ಗಂಡು ಒಂದೊಂದನ್ನೇ ಆರಿಸಿ ಬೆನ್ನು ಹತ್ತುತ್ತದೆ. ನಾಲ್ಕು ಅಡಿಯ ಟ್ಯಾಂಕಿನಲ್ಲಿ ಇಪ್ಪತ್ತರಷ್ಟು ಮೀನುಗಳಿದ್ದರೆ ಅದರ ಕೋಪ ಹಂಚಿಹೋಗುತ್ತದೆ, ಒಂದನ್ನು ಅಟ್ಟುವಷ್ಟರಲ್ಲಿ ಇನ್ನೊಂದು ಅಡ್ಡ ಬರುತ್ತದೆ. ತನ್ನ ಜಾತಿಯ ಮೇಲೆಯೇ ಹೆಚ್ಚು ಹರಿಹಾಯುವ ಡೆಮಾಸೋನಿಯನ್ನು ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚಿನ ಗುಂಪಿನಲ್ಲೇ ಸಾಕಬೇಕೆಂದು ಅನುಭವಿಗಳು ಹೇಳುವುದು ಈ ಕಾರಣಕ್ಕೆ. ಆದರೆ ಈ ಉಪಾಯಕ್ಕೆ ಬೆಲೆ ತೆರಬೇಕಾಗುತ್ತದೆ. ಗಂಟೆಗೆ ಟ್ಯಾಂಕಿನ ನೀರನ್ನು ಎಂಟು ಹತ್ತು ಸಲ ತಿರುಗಿಸುವ ಫಿಲ್ಟರ್ ಬೇಕು, ವಾರಕ್ಕೊಮ್ಮೆ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಗದಂತೆ ನೀರು ಬದಲಾಯಿಸಬೇಕು, ಕರೆಂಟ್ ಹೋದಾಗ ಗಾಳಿ ಕೊಡಲು ಬ್ಯಾಟರಿಯ ಏರ್ ಪಂಪ್ ಇರಬೇಕು. ಕಿಕ್ಕಿರಿದ ಟ್ಯಾಂಕಿನಲ್ಲಿ ಕರೆಂಟಿಲ್ಲದ ಕೆಲವೇ ಗಂಟೆಗಳು ಯಾವ ಜಗಳಕ್ಕಿಂತಲೂ ಹೆಚ್ಚು ಮೀನುಗಳನ್ನು ಕೊಲ್ಲಬಲ್ಲವು. ಇಷ್ಟನ್ನು ಮಾಡಲಾಗದವರು ಎಂಬುನಾ ಬಿಟ್ಟು ಬೇರೆ ಮೀನು ಸಾಕುವುದು ಒಳ್ಳೆಯದು. ಬಯಲುಸೀಮೆಯ ನಮಗೆ ಒಂದು ಅನುಕೂಲವಂತೂ ಇದೆ: ಇಲ್ಲಿನ ಬಹುತೇಕ ಬೋರ್‌ವೆಲ್‌ಗಳ ಗಡಸು ನೀರು, ಗಡಸು ಮತ್ತು ಕ್ಷಾರೀಯ ನೀರಿಗೆ ಒಗ್ಗಿದ ಈ ಮೀನುಗಳಿಗೆ ಹಿಡಿಸುತ್ತದೆ.

ಜಾತಿಗಳ ಆಯ್ಕೆಯಲ್ಲಿ ನಾನು ಎರಡು ಕಟ್ಟುಪಾಡು ಹಾಕಿಕೊಂಡಿದ್ದೇನೆ. ಒಂದು, ಬಣ್ಣದಲ್ಲೂ ಪಟ್ಟೆಯಲ್ಲೂ ಒಂದನ್ನೊಂದು ಹೋಲುವ ಎರಡು ಜಾತಿಗಳನ್ನು ಒಟ್ಟಿಗೆ ಇಡುವುದಿಲ್ಲ, ಏಕೆಂದರೆ ಗಂಡು ಮೀನು ತನ್ನಂತೆ ಕಾಣುವುದನ್ನೇ ಪ್ರತಿಸ್ಪರ್ಧಿ ಎಂದು ಭಾವಿಸುತ್ತದೆ. ಎರಡು, ಔರೇಟಸ್ ಮೀನನ್ನು ಮರಿಯ ಚಂದ ನೋಡಿ ಕೊಳ್ಳುವುದಿಲ್ಲ. ಅಂಗಡಿಯಲ್ಲಿ ಹಳದಿ ಮೈಯ ಮೇಲೆ ಕಪ್ಪು ಪಟ್ಟೆಗಳಿಂದ ಮನಸೆಳೆಯುವ ಆ ಮರಿ ಗಂಡಾಗಿದ್ದರೆ, ದೊಡ್ಡದಾದಂತೆ ಬಣ್ಣ ತಿರುಗಿ ಮೈ ಬಹುಪಾಲು ಕಪ್ಪಾಗುತ್ತದೆ, ಹತ್ತು ಸೆಂಟಿಮೀಟರ್ ಉದ್ದದ ಆ ಮೀನು ಇಡೀ ಟ್ಯಾಂಕನ್ನೇ ತನ್ನ ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣುಗಳಿರಬೇಕು ಎಂಬುದನ್ನು ಎಲ್ಲರೂ ಹೇಳುತ್ತಾರೆ, ಅದು ಸರಿಯೇ. ಆದರೆ ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟವಾದ್ದರಿಂದ, ಎಂಟು ಹತ್ತು ಮರಿಗಳನ್ನು ತಂದು, ಬೆಳೆದ ಮೇಲೆ ಹೆಚ್ಚುವರಿ ಗಂಡುಗಳನ್ನು ಅಂಗಡಿಗೆ ಹಿಂದಿರುಗಿಸುವ ಮಾತನ್ನು ಮೊದಲೇ ಆಡಿಕೊಂಡಿರಬೇಕು.

ಈ ಮೀನುಗಳಲ್ಲಿ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಸುಮಾರು ಮೂರು ವಾರ ಕಾಯುತ್ತದೆ. ಗಂಟಲು ಉಬ್ಬಿರುತ್ತದೆ, ಆಗಾಗ ಏನನ್ನೋ ಮೆಲುಕು ಹಾಕುವಂತೆ ಮೊಟ್ಟೆಗಳನ್ನು ಬಾಯೊಳಗೆ ತಿರುಗಿಸುತ್ತದೆ, ಆಹಾರವನ್ನು ಮಾತ್ರ ಹೆಚ್ಚುಕಡಿಮೆ ಮುಟ್ಟುವುದಿಲ್ಲ. ಅಷ್ಟು ಸೊರಗಿದ ತಾಯಿಯನ್ನು ಗಂಡು ಬೆನ್ನಟ್ಟತೊಡಗಿದರೆ ಅದಕ್ಕೆ ತಡೆದುಕೊಳ್ಳುವ ತ್ರಾಣವಿರುವುದಿಲ್ಲ. ದೀಪ ಆರಿಸಿದ ಮೇಲೆ ಸಣ್ಣ ಟಾರ್ಚಿನ ಬೆಳಕಿನಲ್ಲಿ ಮೆಲ್ಲನೆ ಹಿಡಿದು ಬೇರೆ ತೊಟ್ಟಿಗೆ ಸೇರಿಸಿ, ಮರಿಗಳನ್ನು ಬಿಟ್ಟ ನಂತರವೂ ಕೆಲವು ದಿನ ಅಲ್ಲೇ ಚೆನ್ನಾಗಿ ಉಣ್ಣಿಸಿ ಬಲ ಬಂದ ಮೇಲೆಯೇ ಹಿಂದಕ್ಕೆ ಬಿಡಬೇಕು.

ಹೊಸ ಮೀನು ಸೇರಿಸುವ ದಿನ ಕಲ್ಲುಗಳನ್ನು ಪೂರ್ತಿ ಬೇರೆ ರೀತಿಯಲ್ಲಿ ಜೋಡಿಸುವುದು ನಾನು ಬಲ್ಲ ಅತ್ಯಂತ ಪರಿಣಾಮಕಾರಿ ಕ್ರಮ. ಹಳೆಯ ಗಡಿಗಳು ಅಳಿಸಿಹೋಗುವುದರಿಂದ ಹಳಬರೂ ಹೊಸಬರಂತೆಯೇ ಜಾಗ ಹುಡುಕಬೇಕಾಗುತ್ತದೆ. ಹೊಸ ಮೀನುಗಳನ್ನು ಒಂಟಿಯಾಗಿ ಬಿಡದೆ ನಾಲ್ಕೈದನ್ನು ಒಟ್ಟಿಗೆ, ಹಳೆಯವಕ್ಕೆ ಊಟ ಕೊಟ್ಟು, ದೀಪ ಆರಿಸಿ ಬಿಡುವುದು ಕ್ರಮ. ಇಷ್ಟಾದರೂ ಒಂದು ಗಂಡು ಅಡಗದಿದ್ದರೆ, ಏಟು ತಿಂದದ್ದನ್ನು ಗುಣಪಡಿಸುವುದರ ಜೊತೆಗೆ ಹೊಡೆಯುವುದನ್ನೂ ಒಂದೆರಡು ವಾರ ಬೇರೆ ತೊಟ್ಟಿಯಲ್ಲಿ ಇಡಬೇಕು. ಅದು ಹಿಂದಿರುಗುವ ವೇಳೆಗೆ ಅದರ ಗೂಡು ಬೇರೆಯವರ ಪಾಲಾಗಿರುತ್ತದೆ, ಆದ್ದರಿಂದ ಮತ್ತೆ ಕೆಳಗಿನಿಂದ ಮೇಲೇರಬೇಕಾಗುತ್ತದೆ.

ಇಷ್ಟೆಲ್ಲವೂ ಎಂಬುನಾಗಳಿಗೆ ಹೇಳಿದ್ದು. ಎಲ್ಲ ಸಿಕ್ಲಿಡ್‌ಗಳಿಗೂ ಹೊಂದುವುದಿಲ್ಲ. ಮಧ್ಯ ಅಮೆರಿಕದ ಕಾನ್ವಿಕ್ಟ್ ಮತ್ತು ನಮ್ಮದೇ ದೇಶದ ಆರೆಂಜ್ ಕ್ರೋಮೈಡ್ ಜೋಡಿಯಾಗಿ ಸಂಸಾರ ಹೂಡುವ ಮೀನುಗಳು. ಆರೆಂಜ್ ಕ್ರೋಮೈಡಿನ ಮರಿಗಳು ತಂದೆತಾಯಿಯ ಮೈಮೇಲಿನ ಲೋಳೆಯನ್ನೇ ಮೇಯುತ್ತ ಬೆಳೆಯುತ್ತವೆ, ಆ ದಿನಗಳಲ್ಲಿ ದಂಪತಿ ಹತ್ತಿರ ಸುಳಿದವರನ್ನು ಬಿಡುವುದಿಲ್ಲ. ಇಲ್ಲಿ ಸಂಖ್ಯೆ ಹೆಚ್ಚಿಸಿದರೆ ಏಟು ತಿನ್ನುವವರ ಸಂಖ್ಯೆಯೂ ಹೆಚ್ಚುತ್ತದೆ, ಅಷ್ಟೇ. ಜೋಡಿ ಕೂಡಿದ್ದು ಖಚಿತವಾದ ಕೂಡಲೇ ಉಳಿದ ಮೀನುಗಳನ್ನು ತೆಗೆದು ಆ ಟ್ಯಾಂಕನ್ನು ದಂಪತಿಗೇ ಬಿಟ್ಟುಕೊಡಬೇಕು, ಇಲ್ಲವೇ ನೀರು ಹಾಯುವಂಥ ಜಾಲರಿಯ ತಡೆಯನ್ನು ನಡುವೆ ಇಳಿಸಬೇಕು.